ಕಿಂಗಾಲಿಕ್ ಅಜ್ಜಿ ಇಟ್ಟ ಹಡಗು

ಎಪ್ಪತ್ತೊಂದು ವರ್ಷದ ಅರ್ನಾಲುಕ್ ಅಂಗಡಿಯಲ್ಲಿ ಚಹಾ ಪೊಟ್ಟಣ ಆರಿಸುತ್ತ ನಿಂತಿರುತ್ತಾಳೆ. ಆಗ ಬಾಗಿಲು ತಳ್ಳಿಕೊಂಡು ಆರಡಿ ಎತ್ತರದ, ಗಡ್ಡ ಮೀಸೆಯ, ಕೈಗೆಲ್ಲ ಎಂಜಿನ್ ಎಣ್ಣೆ ಮೆತ್ತಿಕೊಂಡ ಗಂಡಸೊಬ್ಬ ಒಳಗೆ ಬರುತ್ತಾನೆ. ಮುದುಕಿ ಅವನನ್ನು ನೋಡಿ, "ಅಜ್ಜೀ, ಊಟ ಆಯ್ತಾ?" ಎಂದು ಕೂಗುತ್ತಾಳೆ. ಅವನು, "ಆಯ್ತು ಮಗೂ, ನಿಂದು?" ಎನ್ನುತ್ತಾನೆ. ಬಡಗಣದ ಹಿಮಗಡಲ ದಂಡೆಯ ನಮ್ಮ ಇಕಾಲುಲಿಕ್ ಊರಿನಲ್ಲಿ ಇದಕ್ಕೆ ಯಾರೂ ತಿರುಗಿ ಕೂಡ ನೋಡುವುದಿಲ್ಲ.

ನಮ್ಮಲ್ಲಿ ಹೆಸರು ಅಂದರೆ ಬರೀ ಕೂಗಿ ಕರೆಯುವುದಕ್ಕೆ ಇಟ್ಟದ್ದಲ್ಲ. ಹೋದವರ ಹೆಸರನ್ನು ಹುಟ್ಟಿದ ಕೂಸಿಗೆ ಇಟ್ಟರೆ ಹೋದವರೇ ಬಂದ ಹಾಗೆ, ಅವರ ನಂಟುಗಳೂ ಜೊತೆಗೇ ಬಂದ ಹಾಗೆ. ಕೂಸು ಗಂಡೋ ಹೆಣ್ಣೋ ಎಂದು ಹೆಸರು ಕೇಳುವುದಿಲ್ಲ. ಅರ್ನಾಲುಕ್‌ಳ ಅಜ್ಜಿಯ ಹೆಸರು ಕಿಂಗಾಲಿಕ್. ಆಕೆ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ಅರ್ನಾಲುಕ್‌ಳ ಚಿಕ್ಕಪ್ಪನ ಮೊಮ್ಮಗನೊಬ್ಬ ಹುಟ್ಟಿ ಮೂರು ದಿನ ಒಂದೇ ಸಮನೆ ಅತ್ತ. ಯಾವ ಹೆಸರಿಟ್ಟು ಕರೆದರೂ ಅಳು ನಿಲ್ಲಲಿಲ್ಲ. ನಾಲ್ಕನೆಯ ದಿನ ಅರ್ನಾಲುಕ್ ತೊಟ್ಟಿಲ ಬಳಿ ಬಗ್ಗಿ, "ಕಿಂಗಾಲಿಕ್, ನೀನೇನಾ?" ಎಂದಳು. ಕೂಸು ಬಾಯಿ ಮುಚ್ಚಿತು, ಅವಳ ಬೆರಳು ಹಿಡಿಯಿತು. ಪಾದ್ರಿ ಆಮೇಲೆ ಸೈಲಸ್ ಎಂದು ಇಟ್ಟದ್ದು ಶಾಲೆಗೆ, ಸಂಬಳದ ಕಾಗದಕ್ಕೆ. ಅರ್ನಾಲುಕ್‌ಗೆ ಮಾತ್ರ ಅವನು ಅಂದಿನಿಂದ ಅಜ್ಜಿ. ವರ್ಷಕ್ಕೊಂದು ಜೊತೆ ಕೈಗವಸು ಹೊಲಿದು ಕೊಡುತ್ತ ಬಂದಳು. ಬೆರಳುದ್ದದ್ದರಿಂದ ಶುರುವಾದ ಅಳತೆ ಈಗ ಮೊರದಗಲಕ್ಕೆ ಬಂದಿದೆ.

ಕಿಂಗಾಲಿಕ್ ಅಜ್ಜಿ ಇಲ್ಲದಿದ್ದರೆ ಅರ್ನಾಲುಕ್ ಇರುತ್ತಿರಲಿಲ್ಲ, ಅಷ್ಟೇ ವಿಷಯ. ಅಪ್ಪ ಅಮ್ಮ ಒಂದೇ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಹೋದಾಗ ಅವಳಿಗೆ ಮೂರು ವರ್ಷ. ಅಜ್ಜಿ ತನ್ನ ಅಂಗಿಯೊಳಗೆ ಬೆನ್ನಿಗೆ ಕಟ್ಟಿಕೊಂಡು ಸಾಕಿದಳು. ಬೇಟೆಗೆ ಸೀಲ್ ಪ್ರಾಣಿ ಸಿಗದ ವರ್ಷ ತಾನು ಹಳೆಯ ಚರ್ಮದ ಚೂರು ಜಗಿಯುತ್ತ ಕೂತು, ಇದ್ದೊಂದು ಮೀನನ್ನು ಇವಳ ಬಾಯಿಗಿಟ್ಟಳು. ಹದಿಮೂರಕ್ಕೆ ಅರ್ನಾಲುಕ್‌ಗೂ ಅದೇ ಕೆಮ್ಮು ಬಂತು. ಆಸ್ಪತ್ರೆಯ ಹಡಗು ಬಂದು ದಕ್ಷಿಣಕ್ಕೆ ಎತ್ತಿಕೊಂಡು ಹೋಯಿತು. ಎರಡು ವರ್ಷದ ಮೇಲೆ ಎದೆ ಗುಣವಾಗಿ ವಾಪಸು ಬಂದರೆ, ದಡದಲ್ಲಿ ನಿಂತವರಲ್ಲಿ ಅಜ್ಜಿ ಇರಲಿಲ್ಲ. ಮೇಲೆ ಗುಡ್ಡದಲ್ಲಿ, ಹೋದವರ ಮೇಲೆ ಪೇರಿಸುವ ಕಲ್ಲುಗಳ ಕಡೆ ಯಾರೋ ಕೈ ತೋರಿಸಿದರು.

ಮದುವೆಯಾಯಿತು, ಐದು ಮಕ್ಕಳಾದವು, ಗಂಡ ಹೋದ, ಆಸ್ಪತ್ರೆಯ ನೆಲ ಒರೆಸುತ್ತ ಇಪ್ಪತ್ತೆರಡು ವರ್ಷ ಕಳೆಯಿತು. ಇಷ್ಟರ ನಡುವೆ ಅವಳ ಬಾಯಲ್ಲಿ ಹೆಚ್ಚು ಸವೆದ ಮಾತೆಂದರೆ 'ಕ್ವಾನಾ', ಅಂದರೆ ನಿನ್ನಿಂದ ಉಪಕಾರವಾಯಿತು ಅಂತ. ಬಲೆಗೆ ಬಿದ್ದ ಮೀನಿಗೂ ಕ್ವಾನಾ, ಸೂಜಿ ಚುಚ್ಚುವ ನರ್ಸಿಗೂ ಕ್ವಾನಾ, ಹಿಮದ ಬಂಡಿ ಎಳೆದು ಸುಸ್ತಾದ ನಾಯಿಗೂ ಕ್ವಾನಾ. ಆ ಮಾತನ್ನು ಹೇಳಲೇಬೇಕಿದ್ದ ಒಬ್ಬಳಿಗೆ ಮಾತ್ರ ಹೇಳಿರಲಿಲ್ಲ. ಹೆಸರಿಟ್ಟುಕೊಂಡವನಿಗೆ ಹೇಳಿದರೆ ಅಲ್ಲಿಗೆ ಮುಟ್ಟುತ್ತದೆ, ಅದು ಅವಳಿಗೂ ಗೊತ್ತು. ಆದರೆ ಸೈಲಸ್ ಮಹಾ ನಗೆಗಾರ. ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಅವನು ಏನೋ ಒಂದು ತಮಾಷೆ ಹಾರಿಸಿ ಕೆಡಿಸಿದ. ಹೋಗಲಿ, ಇನ್ನೊಂದು ದಿನ ಎಂದು ಸುಮ್ಮನಾದಳು. ಅವನೆಲ್ಲಿ ಹೋಗುತ್ತಾನೆ, ಇಲ್ಲೇ ಇರುತ್ತಾನಲ್ಲ!

ಇನ್ನು ಹಡಗಿನ ಮಾತು. ಕಿಂಗಾಲಿಕ್‌ಳ ಅಪ್ಪ ಚಿಕ್ಕವನಿದ್ದಾಗ ಬಿಳಿಯರ ದೊಡ್ಡ ಮರದ ಹಡಗೊಂದು ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡು ನಮ್ಮ ಕಡೆ ಬಂದು ನಿಂತಿತ್ತು. ಒಳಗೆ ಜೀವ ಇರಲಿಲ್ಲ. ಗಾಳಿ ಒಟ್ಟಿದ ಹಿಮದ ದಿಬ್ಬ ಹತ್ತಿ ಅವನು ಒಳಗೆ ಹೋಗಿದ್ದ. ತಟ್ಟೆ ಜಾರದ ಹಾಗೆ ಅಂಚು ಕಟ್ಟಿದ ಮೇಜು, ಮನುಷ್ಯ ಕೂರುವಷ್ಟು ದೊಡ್ಡ ಕಬ್ಬಿಣದ ಒಲೆ ಎಲ್ಲ ನೋಡಿ, ಒಂದು ಚಮಚ ಎತ್ತಿಕೊಂಡು ಬಂದಿದ್ದ. ಎರಡು ಬೇಸಿಗೆ ಕಳೆದ ಮೇಲೆ ಹಡಗು ಮುಳುಗಿತು. ಮುಳುಗಿದ್ದು ಎಲ್ಲಿ ಎಂಬುದನ್ನು ಅವನು ಮಗಳಿಗೆ ಹೇಳಿದ, ಅವಳು ಮೊಮ್ಮಗಳಿಗೆ ಹೇಳಿದಳು.

ಹೇಳುವುದು ಅಂದರೆ ಬಾಯಲ್ಲಿ ಮಾತ್ರ ಅಲ್ಲ. ಹಿಮದ ಮನೆಯಲ್ಲಿ ಮಲಗುವ ಜಗಲಿಯ ಅಂಚಿಗೆ, ಬಾಗಿಲ ಕಡೆ ಮುಖ ಮಾಡಿ ಅಜ್ಜಿ ಕೂರುತ್ತಿದ್ದಳು. ಜಗಲಿಯೇ ನೆಲ, ಬಾಗಿಲ ಕಡೆಯದೆಲ್ಲ ಬಡಗಣ ಸಮುದ್ರ. ಮುಂದೆ ಒಂದು ಪಾತ್ರೆ ಇಟ್ಟು, "ಇದು ದೊಡ್ಡ ದ್ವೀಪ" ಅನ್ನುವಳು. ಎರಡು ಕೈಗವಸು ಇಟ್ಟು, "ಇವೆರಡು ಮರಿದ್ವೀಪ" ಅನ್ನುವಳು. ಆಮೇಲೆ ತನ್ನ ಉಲುವನ್ನು, ನಮ್ಮ ಹೆಂಗಸರು ಮೀನು ಸೀಳುವ ಅರ್ಧಚಂದ್ರದ ಕತ್ತಿಯನ್ನು, ಸೀಲ್ ಕೊಬ್ಬಿನ ದೀಪದ ಪಕ್ಕದಲ್ಲಿಟ್ಟು, "ಹಡಗು ಇಲ್ಲಿ" ಎಂದು ಮುಗಿಸುವಳು. ಬೆಚ್ಚಗಿರಲೆಂದು ಹಿಂದೆ ಬೋರಲಾಗಿ ಮಲಗಿ, ಅಜ್ಜಿಯ ಮೊಣಕೈ ಸಂದಿನಿಂದ ಇಣುಕುತ್ತಿದ್ದ ಹುಡುಗಿಯ ಕಣ್ಣಿಗೆ ದೀಪದ ಬೆಳಕಲ್ಲಿ ಮಿನುಗುವ ಆ ಉಲು ಹಾಗೇ ಅಂಟಿಕೊಂಡಿತು. ಅಜ್ಜಿ ಕಲಿಸಿದ್ದು ಇನ್ನೊಂದು ಕಟ್ಟುನಿಟ್ಟು. ಕೇಳಿದ್ದಷ್ಟನ್ನೇ ಹೇಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು, ಸ್ವಂತದ್ದು ಒಂದು ಕಾಳೂ ಸೇರಿಸಕೂಡದು.

ಆರು ವರ್ಷದ ಹಿಂದೆ ದಕ್ಷಿಣದಿಂದ ಮಾರಿಯನ್ ಎಂಬ ಹೆಂಗಸು ಆ ಹಡಗು ಹುಡುಕುತ್ತ ಬಂದಳು. ಒಳ್ಳೆಯವಳು, ಕೇಳಿದ್ದನ್ನು ಬರೆದುಕೊಳ್ಳುವ ಮೊದಲು ಎರಡು ಸಲ ಓದಿ ಹೇಳುವವಳು. ನೀರಿನೊಳಗೆ ಸದ್ದು ಬಿಟ್ಟು ತಳ ನೋಡುವ ಯಂತ್ರ ಅವಳ ಹತ್ತಿರ ಇತ್ತು. ಅರ್ನಾಲುಕ್ ತನ್ನ ಅಡುಗೆಮನೆಯ ಮೇಜಿನ ಮೇಲೆ ಪಾತ್ರೆ ಇಟ್ಟಳು, ಕೈಗವಸು ಇಟ್ಟಳು, ದೀಪಕ್ಕೆ ಬದಲಾಗಿ ಬಲಗಡೆ ಸೀಮೆಎಣ್ಣೆ ಒಲೆ ಇಟ್ಟು ಅದರ ಪಕ್ಕ ಉಲು ಇಟ್ಟಳು. ಬಡಗಣಕ್ಕೆ ಮುಖ ಮಾಡಿದರೆ ಬಲಗಡೆ ಎಂದರೆ ಮೂಡಣ ಕೊಲ್ಲಿ. ಮಾರಿಯನ್ ಆರು ಬೇಸಿಗೆ ಮೂಡಣ ಕೊಲ್ಲಿಯನ್ನು ಬಾಚಣಿಗೆ ಹಾಕಿದ ಹಾಗೆ ಬಾಚಿದಳು. ಸಿಕ್ಕಿದ್ದು ಬಂಡೆ, ಕೆಸರು, ಮತ್ತೆ ಬಂಡೆ.

ಅರ್ನಾಲುಕ್‌ಳ ಸೋದರತ್ತೆಯ ಮಗ ತುಲುಗಾಕ್ ಎಂಬ ಮುದುಕನಿದ್ದಾನೆ. ಇಬ್ಬರಿಗೂ ಚಿಕ್ಕಂದಿನಿಂದ ಕೀಟಲೆಯ ಸಲುಗೆ. ಊರ ರೇಡಿಯೋದಲ್ಲಿ ಫೋನು ಮಾಡಿ ಮಾತಾಡುವ ಹೊತ್ತು ಬಂದರೆ ಇವನದೇ ಮೊದಲ ಕರೆ.

"ಏನೇ ಅರ್ನಾಲುಕ್, ನಿಮ್ಮಜ್ಜಿ ಹಡಗು ಉಪ್ಪಿನದ್ದೇನೇ? ಕರಗೇ ಹೋಯ್ತಲ್ಲ!"

ಇವಳೂ ಬಿಡುವವಳಲ್ಲ. "ಹೋಗೋ ಹೋಗೋ. ನಿನ್ ತಲೇಲಿ ಬುದ್ಧಿ ಹುಡುಕು ಅಂದಿದ್ರೆ ಆ ಹೆಂಗಸು ಮೊದಲನೇ ದಿನಾನೇ ಗಂಟುಮೂಟೆ ಕಟ್ಟಿರೋಳು!"

ಊರೆಲ್ಲ ನಕ್ಕಿತು, ಅವಳೂ ನಕ್ಕಳು. ಆದರೆ ಸೈಲಸ್ ಕೆಲಸ ಮಾಡುವ ಗ್ಯಾರೇಜಿನಲ್ಲಿ ಆ ನಗು ಹುಳಿಯಾಗುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. "ಏನಜ್ಜಿ, ಹಡಗು ಎಲ್ಲಿ ಬಚ್ಚಿಟ್ಟಿದ್ದೀಯ?" ಎಂದು ಶುರುವಾದದ್ದು ನಾಲ್ಕನೆಯ ವರ್ಷಕ್ಕೆ "ಸುಳ್ಳಜ್ಜಿ" ಆಯಿತು. ಹಿಮಕರಡಿ ಬಂದೀತೆಂದು ಕಾವಲಿಗೆ ಬಂದೂಕು ಹಿಡಿದು ಮಾರಿಯನ್‌ಳ ದೋಣಿಯಲ್ಲಿ ಹೋಗುತ್ತಿದ್ದವನೂ ಸೈಲಸ್ಸೇ. ಬರಿಗೈಲಿ ಬಂದಾಗಲೆಲ್ಲ ದಡದಲ್ಲಿ ಅದೇ ಹೆಸರು. ನಗೆಗಾರನಿಗೆ ನಗು ಸಾಕಾಗಿ ಹೋಯಿತು.

ಈ ವರ್ಷ ಜುಲೈಯಲ್ಲಿ ಅಂಗಡಿಯಲ್ಲಿ ಅರ್ನಾಲುಕ್ ಎಂದಿನಂತೆ, "ಅಜ್ಜೀ, ಊಟ ಆಯ್ತಾ?" ಎಂದಳು. ಸೈಲಸ್ ಹತ್ತಿರ ಬಂದು ಮೆಲ್ಲಗೆ, "ಇನ್ಮೇಲೆ ಹಾಗೆ ಕರೀಬೇಡ. ಸೈಲಸ್ ಅನ್ನು," ಎಂದ.

"ಯಾಕೆ? ಏನಾಯ್ತು ಅಜ್ಜಿ?"

"ಸೈಲಸ್ ಅನ್ನು ಅಂದೆ. ಆ ಹೆಸರು ನಂಗೆ ಬೇಡ. ಸುಳ್ಳು ಹೇಳಿದೋಳ ಹೆಸರು ಹೊತ್ಕೊಂಡು ಎಷ್ಟು ವರ್ಷ ತಿರುಗ್ಲಿ?"

ಅವಳಿಗೆ ಹದಿನೈದಕ್ಕೆ ದಡದಲ್ಲಿ ನಿಂತು ಕಲ್ಲುಗಳ ಕಡೆ ನೋಡಿದಾಗ ಆದದ್ದೇ ಮತ್ತೆ ಆಯಿತು. ಚಹಾ ಪೊಟ್ಟಣವನ್ನು ಅಲ್ಲೇ ಇಟ್ಟು ಮನೆಗೆ ಬಂದಳು. ಎರಡು ದಿನ ಬಾಗಿಲು ತೆಗೆಯಲಿಲ್ಲ. ಅಜ್ಜಿ ಸುಳ್ಳು ಹೇಳಿದವಳಲ್ಲ ಎಂಬುದು ಅವಳಿಗೆ ತನ್ನ ಉಸಿರಷ್ಟೇ ಖಾತ್ರಿ. ತೋರಿಸುವುದಕ್ಕೆ ಹಡಗು ಬೇಕಲ್ಲ! ಮಾರಿಯನ್ ಇದೇ ಕಡೆಯ ಬೇಸಿಗೆ ಎಂದು ಆಗಲೇ ಹೇಳಿಬಿಟ್ಟಿದ್ದಳು.

ಆಗಸ್ಟ್ ಕೊನೆಗೆ ಅರ್ನಾಲುಕ್ ಎಂದಿನಂತೆ ಹೊಳೆಬಾಯಿಯಲ್ಲಿ ಡೇರೆ ಹಾಕಿ ಚಾರ್ ಮೀನು ಒಣಗಿಸುತ್ತಿದ್ದಳು. ದೋಣಿಯ ಎಂಜಿನ್ ಕೈಕೊಟ್ಟಿತು. ಡೇರೆಯಲ್ಲಿದ್ದ, ಗುಂಡಿ ಒತ್ತಿ ಮಾತಾಡುವ ರೇಡಿಯೋದಲ್ಲಿ ಹೇಳಿದ್ದಕ್ಕೆ ಬಂದವನು ಸೈಲಸ್ಸೇ. ಮುನಿಸು ಏನೇ ಇರಲಿ, ಮುದುಕಿಯ ಎಂಜಿನ್ ಕೆಟ್ಟಿದೆ ಎಂದರೆ ಬಾರದೆ ಇರುವ ಜಾತಿ ಅಲ್ಲ ಅವನು. ರಿಪೇರಿ ಮುಗಿಸಿ ಡೇರೆಗೆ ಬಂದ. ಇಬ್ಬರೂ ಹೆಸರಿಲ್ಲದೆ ಮಾತಾಡಿದರು. ಚಹಾ ಬೇಕಾ ಅಂದರೆ ಹೂಂ, ಗಾಳಿ ತಿರುಗಿದೆ ಅಂದರೆ ಹೂಂ. ಅವಳ ಮಂಡಿ ಹಿಡಿದುಕೊಂಡಿದ್ದು ನೋಡಿ, "ನೀನು ಕೂತ್ಕೋ, ರೊಟ್ಟಿ ನಾನು ಬೇಯಿಸ್ತೀನಿ," ಎಂದು ಡೇರೆ ಬಾಗಿಲ ಕಡೆ ಮುಖ ಮಾಡಿ ಅವಳ ಜಾಗದಲ್ಲಿ ಕೂತ. ಬಲಗಡೆ ಇದ್ದ ಒಲೆಯನ್ನು ಎತ್ತಿ ಎಡಗಡೆ ಇಟ್ಟುಕೊಂಡ.

"ಏಯ್, ಒಲೆ ಯಾಕೆ ಎತ್ತಿದೆ? ಮೂವತ್ತು ವರ್ಷದಿಂದ ಅದು ಅಲ್ಲೇ ಇರೋದು!"

"ನನ್ ಕೈ ಈ ಕಡೆ ಇದ್ರೆ ಏನ್ ಮಾಡ್ಲಿ? ಬಲಗೈಲಿ ಬತ್ತಿ ತಿದ್ದೋಕೆ ಹೋದ್ರೆ ಡೇರೆಗೇ ಬೆಂಕಿ ಹಚ್ತೀನಿ," ಎಂದು ಗೊಣಗಿದ. ಎಡಗೈಯಲ್ಲಿ ಒಲೆಯ ಕಿವಿ ತಿರುಗಿಸಿ ಉರಿ ಸಣ್ಣ ಮಾಡಿದ.

ಸೈಲಸ್ ಎಡಚ. ಅಜ್ಜಿಯೂ ಎಡಚಿ. ಎಡಗೈ ಹೆಸರಿನ ಜೊತೆಗೇ ಬಂದದ್ದು ಎಂದು ಅವನು ಚಮಚ ಹಿಡಿಯುವ ವಯಸ್ಸಿನಿಂದ ಊರಲ್ಲಿ ಆಡದವರಿಲ್ಲ, ಅರ್ನಾಲುಕ್ ಕೂಡ ನೂರು ಸಲ ಆಡಿದ್ದಳು. ಆಡಿದ ಮಾತನ್ನು ಒಂದು ಸಲ ಯೋಚಿಸಿದ್ದರೆ! ಹೆಂಗಸು ದೀಪ ಇಡುವುದು ಬತ್ತಿ ತಿದ್ದುವ ಕೈ ಇರುವ ಕಡೆ. ಅರ್ನಾಲುಕ್ ಬಲಗೈಯವಳು, ಜನ್ಮದುದ್ದಕ್ಕೂ ಅವಳ ದೀಪ, ಒಲೆ ಬಲಗಡೆಯೇ. ಉಲು ದೀಪದ ಪಕ್ಕ ಇತ್ತು ಎಂಬುದನ್ನು ಅವಳು ಒಂದು ಕಾಳೂ ಸೇರಿಸದೆ ಕಾಪಾಡಿದ್ದಳು. ದೀಪವನ್ನು ಮಾತ್ರ ತನಗೇ ತಿಳಿಯದೆ ತನ್ನ ಕೈಯ ಕಡೆಗೆ ಎತ್ತಿಟ್ಟುಕೊಂಡಿದ್ದಳು.

ಎಪ್ಪತ್ತೊಂದು ವರ್ಷದ ಮುದುಕಿ ಮಂಡಿನೋವು ಮರೆತು ಅವನ ಹಿಂದೆ ಬೋರಲಾಗಿ ಮಲಗಿಬಿಟ್ಟಳು. ಅವನ ಮೊಣಕೈ ಸಂದಿನಿಂದ ಇಣುಕಿದಳು. ಎಡಗಡೆ ಉರಿ. ಅದರ ಪಕ್ಕ, ರೊಟ್ಟಿ ಕೊಯ್ಯಲು ಅವನಿಟ್ಟುಕೊಂಡ ಅವಳ ಉಲು.

"ಏನಾಯ್ತು? ತಲೆ ಸುತ್ತುತಾ?" ಅವನು ಗಾಬರಿಯಿಂದ ತಿರುಗಲು ಹೋದ.

"ಅಲ್ಲಾಡಬೇಡ ಅಜ್ಜೀ! ಹಾಗೇ ಕೂತಿರು!"

ಕರೆಯಬೇಡ ಎಂದ ಹೆಸರು ಬಾಯಿಂದ ಜಾರಿತ್ತು. ಅವನು ಬೈಯಲಿಲ್ಲ, ಅಲ್ಲಾಡಲೂ ಇಲ್ಲ. ರೊಟ್ಟಿ ಒಂದು ಕಡೆ ಸೀದು ಹೋಯಿತು. ಅವಳು ಎದ್ದು ಕೂತು ಎಲ್ಲವನ್ನೂ ಹೇಳಿದಳು.

"ಹಾಗಾದ್ರೆ ಪಡುವಣ ಕೊಲ್ಲೀಲಿ..." ಎಂದು ಅವನು ತನ್ನ ಎಡಗೈಯನ್ನೇ ನೋಡಿಕೊಂಡ. ಆಮೇಲೆ, "ರೇಡಿಯೋ ಬೇಡ. ಊರೆಲ್ಲ ಕೇಳುತ್ತೆ. ನಾನೇ ದೋಣಿ ತಗೊಂಡು ಹೋಗಿ ಮಾರಿಯನ್‌ಗೆ ಒಬ್ಬಳಿಗೇ ಹೇಳ್ತೀನಿ," ಎಂದ.

ಅವನು ಹೇಳಿದ್ದರಲ್ಲಿ ಪ್ರೀತಿ ಇತ್ತು. ಅರ್ನಾಲುಕ್ ಶಾಲೆಯಲ್ಲಿ ಮಕ್ಕಳಿಗೆ ಕಥೆ ಹೇಳುವವಳು. ಊರ ಹಳೆಯ ಮಾತು ಏನೇ ಬೇಕಾದರೂ ಅವಳನ್ನೇ ಕೇಳಿ ಎನ್ನುತ್ತಿದ್ದರು. ಒಂದನ್ನು ತಿರುವು ಮುರುವು ಮಾಡಿದವಳು ಮಿಕ್ಕವನ್ನು ಏನು ಮಾಡಿದ್ದಾಳೋ ಎಂದು ನಾಳೆಯಿಂದ ಜನ ಅನ್ನದೆ ಇರುತ್ತಾರೆಯೇ? ಅವಳಿಗೂ ಅದು ಹೊಳೆಯದೆ ಇರಲಿಲ್ಲ. ಒಂದು ಗಳಿಗೆ ರೇಡಿಯೋ ಕಡೆ ಹೋದ ಕೈ ತಡೆಯಿತು.

"ಸುಳ್ಳಜ್ಜಿ ಅಂತ ಊರೆದುರಿಗೆ ಅಂದ್ರು ತಾನೇ? ಊರೆದುರಿಗೇ ಹೇಳ್ತೀನಿ," ಎಂದು ಗುಂಡಿ ಒತ್ತಿದಳು. "ನಾನು ಅರ್ನಾಲುಕ್, ಹೊಳೆಬಾಯಿಂದ. ಎಲ್ಲಾರೂ ಕೇಳಿ, ಮಾರಿಯನ್‌ಗೂ ಯಾರಾದ್ರೂ ತಿಳಿಸಿ ಹೇಳಿ. ನಮ್ಮಜ್ಜಿ ಕಿಂಗಾಲಿಕ್ ಹಡಗನ್ನ ಸರಿಯಾದ ಜಾಗದಲ್ಲೇ ಇಟ್ಟಿದ್ಲು. ಅವಳು ಎಡಗೈಯೋಳು, ಅವಳ ದೀಪ ಎಡಗಡೆ. ಬಲಗಡೆ ಅಂತ ಇಟ್ಟೋಳು ನಾನು. ಆರು ವರ್ಷ ನಿಮ್ಮನ್ನ ದಾರಿ ತಪ್ಪಿಸಿದ್ದು ನಾನು, ಅವಳಲ್ಲ. ಬೈಯೋದಿದ್ರೆ ನನ್ನ ಬೈಯಿರಿ."

ರೇಡಿಯೋದಲ್ಲಿ ಬರೀ ಸರಸರ ಸದ್ದು.  ಕೊನೆಗೆ ಮಾರಿಯನ್‌ಳ ದನಿ ಬಂತು, ನಮ್ಮ ಭಾಷೆಯಲ್ಲೇ, ತಡವರಿಸುತ್ತ.

"ಅರ್ನಾಲುಕಮ್ಮಾ, ಪಡುವಣ ಕೊಲ್ಲಿ ನಕ್ಷೆ ಸರಿ ಇಲ್ಲ, ಆಳಾನೂ ಕಡಿಮೆ. ನನಗಿರೋದು ಎರಡೇ ದಿನ. ಖಂಡಿತ ಅಲ್ಲೇ ಇದೆ ಅಂತೀರಾ?"

ಹೌದು ಎಂದುಬಿಟ್ಟರೆ ಆಯಿತಲ್ಲ! ಬೇರೆ ಯಾರಾದರೂ ಆಗಿದ್ದರೆ ಅಂದೇ ಬಿಡುತ್ತಿದ್ದರು. "ನಾನು ಕಣ್ಣಾರೆ ನೋಡಿಲ್ಲಮ್ಮ. ಅಜ್ಜಿ ಎಲ್ಲಿಟ್ಲು ಅನ್ನೋದಷ್ಟನ್ನ ಈಗ ಸರಿಯಾಗಿ ಹೇಳ್ತಿದ್ದೀನಿ. ಅದರಾಚೆಗೆ ನಂಗೆ ಗೊತ್ತಿಲ್ಲ."

"ಅಷ್ಟು ಸಾಕು. ಹೊರಡ್ತೀವಿ," ಎಂದಳು ಮಾರಿಯನ್. ಅವಳ ಆ ಒಂದು ಮಾತಿಗೆ ಅರ್ನಾಲುಕ್ ಈಗಲೂ ದಿನಾ ಕ್ವಾನಾ ಅನ್ನುತ್ತಾಳೆ.

ಬಂದೂಕು ಹಿಡಿದು ಸೈಲಸ್ಸೂ ಹೋದ. ಮೊದಲ ದಿನ ಮಂಜು ಕವಿದು ಬೆರಳು ಕಾಣುತ್ತಿರಲಿಲ್ಲ. ಎರಡನೆಯ ದಿನ ಮಂಜು ಹರಿದು ಗಾಳಿಯೂ ನಿಂತಿತು. ಅರ್ನಾಲುಕ್ ಮೀನು ಸೀಳಿದಳು, ತಂತಿಗೆ ಹಾಕಿದಳು, ಹಾಕಿದ್ದನ್ನೇ ತೆಗೆದು ಮತ್ತೆ ಹಾಕಿದಳು. ರೇಡಿಯೋ ಮೂಕವಾಗಿತ್ತು. ಸಿಕ್ಕಿಲ್ಲ, ಹೇಳುವುದಕ್ಕೆ ಅವರಿಗೆ ಬಾಯಿ ಬರುತ್ತಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಹೊಳೆಬಾಯಿಯ ಆಚೆ ಎಂಜಿನ್ ಸದ್ದು ಕೇಳಿತು.

ಸೈಲಸ್ ದೋಣಿಯನ್ನು ಮರಳಿಗೆ ಏರಿಸಿ ನಿಧಾನವಾಗಿ ನಡೆದು ಬಂದ. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಅವಳ ಎದುರು ಕಲ್ಲಿನ ಮೇಲೆ ಕೂತ.

"ಯಾರೂ ರೇಡಿಯೋ ಮುಟ್ಟಬೇಡಿ, ನಾನೇ ಹೋಗಿ ಹೇಳ್ತೀನಿ ಅಂತ ಎಲ್ಲರ ಬಾಯಿಗೂ ಬೀಗ ಹಾಕ್ಸಿ ಬಂದೆ," ಎಂದ. "ಇದೆ. ಮರಿದ್ವೀಪ ಎರಡರ ಎಡಕ್ಕೆ, ನೆಟ್ಟಗೆ ಕೂತಿದೆ. ಕ್ಯಾಮೆರಾ ಒಳಗೆ ಇಳಿಸಿದ್ರು. ಅಂಚು ಕಟ್ಟಿದ ಮೇಜು ನೋಡ್ದೆ. ಒಲೆ ನೋಡ್ದೆ, ಅಪ್ಪ ಹೇಳಿದ ಹಾಗೇ ಇದೆ, ಮನುಷ್ಯ ಕೂರೋಷ್ಟು ದೊಡ್ಡದು."

ಅಪ್ಪ ಎಂದ. ಕಿಂಗಾಲಿಕ್‌ಳ ಅಪ್ಪ. ತನ್ನಪ್ಪ ಎಂಬಂತೆ ಅಂದುಬಿಟ್ಟದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ, ಅರ್ನಾಲುಕ್‌ಗೆ ಗೊತ್ತಾಯಿತು. ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟಳು. ಇನ್ನೊಂದು ದಿನ, ಇನ್ನೊಂದು ದಿನ ಎಂದು ಇಷ್ಟು ವರ್ಷ ಮುಂದೂಡಿದ್ದು ಸಾಕು ಎನಿಸಿತು. ಅವನು ತಮಾಷೆ ಮಾಡುವುದಾದರೆ ಮಾಡಲಿ.

"ಅಜ್ಜೀ," ಎಂದಳು. "ಬೆನ್ನಿಗೆ ಕಟ್ಕೊಂಡು ಸಾಕಿದ್ದಕ್ಕೆ... ನೀನು ಚರ್ಮ ಜಗೀತಾ ನಂಗೆ ಮೀನು ಕೊಟ್ಟಿದ್ದಕ್ಕೆ... ಕ್ವಾನಾ. ಆವತ್ತು ಹೇಳೋಕೆ ಆಗ್ಲಿಲ್ಲ. ಬಂದೆ, ನೀನಿರ್ಲಿಲ್ಲ."

ಸೈಲಸ್ ನಗಲಿಲ್ಲ. ಎಣ್ಣೆಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ. ಎದ್ದು ಬಂದು, ಅವಳ ಹಣೆಯ ಮೇಲೆ ಬಿದ್ದಿದ್ದ ಬಿಳಿಗೂದಲನ್ನು ಹಿಂದಕ್ಕೆ ಸರಿಸಿದ. 

"ಆಸ್ಪತ್ರೆ ಹಡಗು ಬರೋವಾಗ ನಾನು ದಡದಲ್ಲಿ ಇರ್ಬೇಕಿತ್ತು ಮಗೂ," ಎಂದ. "ತುಂಬಾ ಕಾದೆ. ಆಗ್ಲಿಲ್ಲ."